ನೋಡಿ ಹೊಸೆದ ಎಳೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಎಳೆ ಹೊಸೆಯುವ ಹೆಂಗಸರು ಹಲವರಿದ್ದರು. ನೋಡದೆ ಹೊಸೆಯುವವಳು ಮಾತ್ರ ಒಬ್ಬಳೇ, ಮಹಾಲಕ್ಷ್ಮಮ್ಮ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಅದರ ಬಾಲಕ್ಕೆ ಹೊಸ ಹಾಸನ್ನು ಒಂದೊಂದೇ ರೇಷ್ಮೆ ಎಳೆಯಾಗಿ ಕೂಡಿಸಬೇಕು. ಗಂಟು ಹಾಕುವಂತಿಲ್ಲ, ಬಾಚಣಿಗೆಯಂಥ ಹಣಿಗೆಯ ಹಲ್ಲಿಗೆ ಅದು ಸಿಕ್ಕಿಕೊಳ್ಳುತ್ತದೆ. ಎಡಗೈ ಬೆರಳುಗಳು ಎರಡು ತುದಿಗಳನ್ನು ಹಿಡಿದಿರಬೇಕು, ಬಲಗೈ ಬೆರಳು ಚಿಟಿಕೆ ಬೂದಿ ಸವರಿ ಹೊಸೆಯಬೇಕು. ಎಳೆಯನ್ನು ದಿಟ್ಟಿಸುವವರು ಕಲಿಯುವ ಹುಡುಗಿಯರು ಎಂಬುದು ಆ ಬೀದಿಯ ಮಾತು. ಮಹಾಲಕ್ಷ್ಮಮ್ಮನ ಕಣ್ಣು ಟೀವಿಯ ಧಾರಾವಾಹಿಯ ಮೇಲೆ, ಬಾಯಿ ಪಕ್ಕದ ಮನೆಯ ಚೆಲುವಮ್ಮನ ಜೊತೆ. ಬೆರಳುಗಳು ಅವುಗಳ ಪಾಡಿಗೆ ಅವು.

ಒಂದು ಬೆಳಗ್ಗೆ ಕಾಫಿ ಲೋಟ ಎಡಗೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಅಲ್ಲೇ ಕುಸಿದಳು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಮರಳಿತು, ನಡಿಗೆಯೂ ಮರಳಿತು. ಎಡಗೈ ಬೆರಳುಗಳು ಮರಳಲಿಲ್ಲ. ಮಗ್ಗ ನೇಯುವ ಗಂಡ ಮಹದೇವಯ್ಯ ಬಟ್ಟೆ ಹಿಂಡಿಕೊಟ್ಟ, ತರಕಾರಿ ಹೆಚ್ಚಿಕೊಟ್ಟ, ತಲೆಯನ್ನೂ ಬಾಚಿದ. ಆಕೆಯ ಎಡಗೈ ಸೆರಗಿನೊಳಗೆ ಹೊಕ್ಕು ಸುಮ್ಮನೆ ಮಲಗಿತು.

ಮಗ್ಗದ ಹಾಸು ಕರಗುತ್ತಿತ್ತು. ಊಟದ ಹೊತ್ತಿನಲ್ಲಿ ಮಹದೇವಯ್ಯ ಮೆಲ್ಲಗೆ ಅಂದ: "ಈ ಸಲ ಹೊಸೆಯಕ್ಕೆ ಚೆಲುವಮ್ಮನ್ನ ಕರೀಲಾ ಅಮ್ಮಿ? ಒಂದ್ ಸಲಕ್ಕೆ ಅಷ್ಟೇಯ."

"ಒಂದ್ ಸಲ ಬೇರೇರು ಕೂತ್ರೆ ಆ ಜಾಗ ನಂದಾಗಿರಲ್ಲ ಕಣ್ರಿ," ಅಂದಳು ಮಹಾಲಕ್ಷ್ಮಮ್ಮ. "ಕರೀಬ್ಯಾಡಿ. ನಾನೇ ಹೊಸಿತೀನಿ."

ಹಾಗಂದವಳು ಹಳೇ ಎಳೆಗಳ ತುಂಡು ತಕ್ಕೊಂಡು, ಟೀವಿ ಹಾಕಿ, ಎಂದಿನಂತೆ ಕೂತಳು. ತುದಿಗಳು ಬೆರಳಿನಿಂದ ಜಾರಿ ಜಾರಿ ಹೋದವು. ಹಿಡಿದಿದ್ದೇನೆ ಅಂದುಕೊಂಡಾಗ ಬೆರಳು ಬರಿದು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಚೈತ್ರ ಕಾಡಂಚಿನ ಶಾಗ್ಯ ಎಂಬ ಊರಿನ ಹುಡುಗಿ, ಹನೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದಳು. ಅವಳು ಬಾಗಿಲಲ್ಲೇ ನಿಂತು ಇದನ್ನು ನೋಡಿದಳು. ಒಳಗೆ ಬಂದು ಟೀವಿ ಆರಿಸಿದಳು.

"ಬೆರಳು ನೋಡ್ಕಂಡು ಹೊಸೀರಿ, ಅಮ್ಮ."

"ಕಲಿಯೋ ಐಕಳಂಗಾ?"

"ಹ್ಞೂಂ, ಅಂಗೇಯ. ನಮ್ಮೂರ ಕಡೆ ಕಾಡಲ್ಲಿ ಕಾಲುದಾರಿಗೆ ಲಂಟಾನ ಪೊದೆ ಮುಚ್ಕೊಂಡ್ರೆ ಏನ್ ಮಾಡ್ತಾರೆ? ಮಗ್ಗುಲಲ್ಲಿ ಇನ್ನೊಂದು ದಾರಿ ತುಳೀತಾರೆ. ಆಗ ಆಕಾಶ ನೋಡ್ಕಂಡು ನಡೀತಾರಾ? ನಿಮ್ಮ ಮೆದುಳಲ್ಲಿ ಈ ಕೈಗೆ ಬರೋ ಹಳೇ ದಾರಿ ಮುಚ್ಚೋಗದೆ. ಹೊಸದು ಬೀಳ್ಬೇಕು. ನೀವು ಎಲ್ಲಿ ಗಮನ ಇಡ್ತೀರೋ ಅಲ್ಲೇ ಬೀಳೋದು. ಟೀವಿ ಮೇಲಿಟ್ರೆ ಟೀವಿಗೇ ದಾರಿ."

"ಟೀವಿಗೆ ಆಗ್ಲೇ ಟಾರ್ ರಸ್ತೆ ಅದೆ ಕಣವ್ವ," ಅಂದಳು ಮಹಾಲಕ್ಷ್ಮಮ್ಮ. ಇಬ್ಬರೂ ನಕ್ಕರು. ಆದರೆ ಆ ದಿನದಿಂದ ಹಗಲು ಹೊತ್ತು ಟೀವಿ ಹಾಕಲಿಲ್ಲ.

ಮೊದಲು ಗೋಣಿದಾರ, ಆಮೇಲೆ ಹೂ ಕಟ್ಟುವ ಬಾಳೆನಾರು, ಆಮೇಲೆ ಹತ್ತಿನೂಲು. ಬೆರಳನ್ನು ಯಾರದೋ ಮಗುವನ್ನು ನೋಡುವಂತೆ ನೋಡುತ್ತ, ಮುಟ್ಟುವ ಮೊದಲೇ ಮುಟ್ಟಿದ ಹಾಗೆ ಊಹಿಸಿಕೊಳ್ಳುತ್ತ, ನಾರಿನ ತಣುಪೆಲ್ಲಿ, ನೂಲಿನ ಒರಟೆಲ್ಲಿ ಎಂದು ಹುಡುಕುತ್ತ ಕೂತಳು. ಹೊಲದ ಕಳೆ ಕಿತ್ತವಳಂತೆ ದಣಿಯುತ್ತಿದ್ದಳು. ಕೆಲವು ದಿನ ಕೈ ಕಲ್ಲಾಗಿರುತ್ತಿತ್ತು. ಆ ದಿನವೂ ಕೂತಳು.

"ಏನಕ್ಕಾ, ಬಾಗ್ಲಾಕ್ಕೊಂಡು ತಪಸ್ಸಾ?" ಚೆಲುವಮ್ಮ ಕಿಟಕಿಯಿಂದ ಕೂಗುತ್ತಿದ್ದಳು. "ವರ ಸಿಕ್ಕಿದ್ರೆ ನನಗೂ ಒಸಿ ಕೊಡು!"

ಒಂದು ಮಧ್ಯಾಹ್ನ, ಹೊಸದಾಗಿ ಹಿಡಿದ ರೇಷ್ಮೆ ಎಳೆ ಬೆರಳಿನಿಂದ ಜಾರಿತು. ಜಾರುವುದು ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ತಿಳಿಯಿತು. ಇರುವೆ ಹರಿದ ಹಾಗೆ, ಅಷ್ಟೇ. ಮಹಾಲಕ್ಷ್ಮಮ್ಮ ಯಾರಿಗೂ ಹೇಳದೆ ಆ ಎಳೆಯನ್ನು ಮತ್ತೆ ಹಿಡಿದಳು.

ಇತ್ತ ಮಹದೇವಯ್ಯನ ಮಗ್ಗಕ್ಕೆ ಇದ್ದಕ್ಕಿದ್ದಂತೆ ಎಣ್ಣೆ ಬೇಕಾಗತೊಡಗಿತು, ಲಾಳಿ ಮೇಲಿಂದ ಮೇಲೆ ಕೆಟ್ಟಿತು. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವನು ಸೀರೆ ನೇಯ್ದಿರಲಿಲ್ಲ. ಅದು ತನಗಾಗಿ ಎಂದು ಆಕೆಗೆ ಗೊತ್ತಿತ್ತು.

ಕಡೆಗೂ ಹಾಸು ಮುಗಿಯಿತು. ಆಕೆ ಬೂದಿ ಬಟ್ಟಲು ತಕ್ಕೊಂಡು ತನ್ನ ಜಾಗದಲ್ಲಿ ಕೂತಳು. ಹಿಂದೆ ಒಂದು ಹಗಲಲ್ಲಿ ಆಗುತ್ತಿದ್ದ ಕೆಲಸ ವಾರ ದಾಟಿತು. ಒಂದೊಂದೇ ಎಳೆಯನ್ನು ನೋಡಿ ಹಿಡಿದಳು, ನೋಡಿ ಹೊಸೆದಳು.

ಕೊನೆಯ ಎಳೆ ಕೂಡಿದಾಗ ಮಹದೇವಯ್ಯ ಹಾಸನ್ನು ಮೆಲ್ಲಗೆ ಮುಂದಕ್ಕೆಳೆದ. ಹೊಸೆದದ್ದು ಗಟ್ಟಿಯೋ ಅಲ್ಲವೋ ಅಲ್ಲೇ ತಿಳಿಯುವುದು. ನೋಡಲು ಬಂದ ಚೆಲುವಮ್ಮ ಗೋಡೆಗೊರಗಿ ನಿಂತಿದ್ದಳು. ಎಳೆಗಳು ಹಣಿಗೆಯ ಹಲ್ಲಿನ ನಡುವೆ ನುಸುಳಿ ಬಂದವು. ನಡುಭಾಗದಲ್ಲಿ ಮಾತ್ರ ಪಟ್ ಪಟ್ ಎಂದು ಒಂದು ಹಿಡಿಯಷ್ಟು ಹರಿದವು.

ಮಹದೇವಯ್ಯ ಎಳೆಯುವುದನ್ನು ನಿಲ್ಲಿಸಿದ.

"ಅಷ್ಟನ್ನ ಚೆಲುವಮ್ಮ ಸೇರುಸ್ಲಿ ಬುಡು," ಅಂದ ಮಹದೇವಯ್ಯ, ಹೆಂಡತಿಯ ಮುಖ ನೋಡಲಾರದೆ.

ಮಹಾಲಕ್ಷ್ಮಮ್ಮ ಹರಿದ ಜಾಗವನ್ನೇ ದಿಟ್ಟಿಸುತ್ತಿದ್ದಳು. ಮುಖದಲ್ಲಿ ಅಳುವಿರಲಿಲ್ಲ.

"ಇವು ಯಾವು ಗೊತ್ತೇನ್ರಿ? ಸೋಮವಾರ ಈ ಚೆಲುವಿ ಬಂದು ನಾದಿನಿ ಮನೆ ಜಗಳ ಹೇಳ್ತಾ ಕೂತಿದ್ಲಲ್ಲ, ಆಗ ಹೊಸೆದವು. ಅವಳ ಮಕ ನೋಡ್ಕಂಡು ಹೊಸೆದೆ. ಮಿಕ್ಕಿದ್ದೆಲ್ಲ ನಿಂತದೆ, ನೋಡಿ."

"ಅಯ್ಯೋ, ನನ್ ತಲೆಗೇ ಕಟ್ಟುದ್ಯಾ!" ಅಂದಳು ಚೆಲುವಮ್ಮ.

"ನಿನ್ ತಪ್ಪಲ್ಲ ಕಣೇ. ಕಣ್ಣು ನಂದು. ಬಾ, ಬೂದಿ ಬಟ್ಟಲು ಇಡ್ಕೊ. ಬಾಯಿ ಮಾತ್ರ ತೆಗೀಬ್ಯಾಡ."

ಚೆಲುವಮ್ಮ ತುಟಿ ಬಿಗಿಹಿಡಿದು ಬಟ್ಟಲು ಹಿಡಿದಳು. ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಬಂತು, ಹೋಯಿತು. ಮಹಾಲಕ್ಷ್ಮಮ್ಮ ಹರಿದ ಮೊದಲ ಎಳೆಯನ್ನು ಎಡಗೈಗೆ ಕೊಟ್ಟಳು, ಅದು ಹಿಡಿಯುವವರೆಗೆ ಕಾದಳು, ಹೊಸೆದಳು. ಆಮೇಲೆ ಅದರ ಪಕ್ಕದ್ದು.

ಹೊತ್ತಿಳಿಯುವಾಗ ಮಹದೇವಯ್ಯ ಮತ್ತೆ ಎಳೆದ. ಹಾಸು ಪೂರಾ ಬಂತು. ಅವನು ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಬಿಟ್ಟು ಕೂತು ಕಾಲುಮಣೆ ತುಳಿದ. ಈ ಸಲ ಎಣ್ಣೆ ಬೇಕಾಗಲಿಲ್ಲ.