ಡಾಕ್ಟರ ದನಿಯಲ್ಲಿ ಒಂದು ಮುಲಾಮು

ಮೊನ್ನೆ ಧನಕವಡಿಯ ಔಷಧದಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವನೊಬ್ಬ ಅಂಗಿಯೊಳಗೆ ಕೈ ಹಾಕಿ ಸೊಂಟ ಕೆರೆದುಕೊಳ್ಳುತ್ತ ತುರಿಕೆಯ ಟ್ಯೂಬು ಕೇಳಿದ. ಚೀಟಿ ಕೇಳದೆ ಅಂಗಡಿಯವ ಕೊಟ್ಟ. ಆತ ಅಲ್ಲೇ ಮುಚ್ಚಳ ತಿರುವಿ ಬೆರಳಿಗಿಷ್ಟು ಹಿಂಡಿಕೊಂಡ. ಆ ಮೇಣದಂಥ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ತರಲು ಬಂದ ಗುಳಿಗೆ ಮರೆತು ಹೊರಗೆ ಬಂದೆ. ಕಾರಣವನ್ನು ಈಗಲೇ ಹೇಳಿಬಿಟ್ಟರೆ ನಿಮಗೂ ನನಗೂ ಹಗುರ: ಒಮ್ಮೆ ನಾನು ಡಾಕ್ಟರ ದನಿಯಲ್ಲಿ ಮಾತಾಡಿ, ಹಚ್ಚಬಾರದ ಹೊತ್ತಿನಲ್ಲಿ ನಮ್ಮ ಮಾಮಾನಿಗೆ ಅಂಥದೇ ಮುಲಾಮು ಹಚ್ಚಿಸಿದ್ದೆ.

ನಾನು ನಕಲು ಮಾಡದವರು ಯಾರೂ ಉಳಿದಿಲ್ಲ. ಆಫೀಸಿನ ಮ್ಯಾನೇಜರ ಕೆಮ್ಮು, ನೀರಿನ ಟ್ಯಾಂಕರ್ ಬಾರದ ದಿನ ನಮ್ಮ ಸೊಸೈಟಿಯ ಅಧ್ಯಕ್ಷರು ಮರಾಠಿಯಲ್ಲಿ ಮಾಡುವ ಭಾಷಣ, ಎಲ್ಲ ನನ್ನ ಗಂಟಲಲ್ಲಿವೆ. ಒಮ್ಮೆ ನನ್ನನ್ನೇ ನಕಲು ಮಾಡಿ ತೋರಿಸಿದೆ. ಯಾರೂ ನಗಲಿಲ್ಲ, ಎಂದಿನಂತೆ ಮಾತಾಡುತ್ತಿದ್ದಾನೆ ಎಂದುಕೊಂಡರು. ಆದರೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಮಾಮಾನ ತುರಿಕೆಗೆ.

ವಸಂತಮಾಮಾ ನನ್ನ ಅವ್ವನ ತಮ್ಮ. ಕಾತ್ರಜದಲ್ಲಿ ಊರ ಕಡೆ ಹೋಗುವ ಬಸ್ಸುಗಳ ಬುಕಿಂಗ್ ಆಫೀಸಿನಲ್ಲಿ ಕೆಲಸ. ಸಂಜೆ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುವಾಗ ಒಂದು ಕೈಯಲ್ಲಿ ಕಟ್ಟಿಗೆಯ ಪಟ್ಟಿ ಇರುತ್ತಿತ್ತು, ಸೊಂಟ ಕೆರೆಯಲು. "ಸೋಲಾಪುರ, ವಿಜಾಪುರ... ಹಾಂ, ಅಲ್ಲೇ, ಅಲ್ಲೇ... ಬಾಗಲಕೋಟಿ, ಬರ್ರಿ ಬರ್ರಿ!" ಲಗ್ನದ ಮನೆಗಳಲ್ಲಿ ನಾನು ಚಮಚ ಹಿಡಿದು ಇದನ್ನು ಮಾಡಿ ತೋರಿಸಿದರೆ ಜನ ಊಟ ಬಿಟ್ಟು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾಮಾನೇ.

ಮಾಮಾನ ಸೊಂಟ, ತೊಡೆಗಳ ಮೇಲೆ, ಬಿಸಿಲು ಕಾಣದ ಜಾಗಗಳಲ್ಲಿ, ಕೆಂಪಗೆ ತೆಳ್ಳನೆಯ ಕಲೆಗಳಿದ್ದವು. ಒಬ್ಬರು ಗಜಕರ್ಣ ಎಂದರು, ಇನ್ನೊಬ್ಬರು ಇಸುಬು ಎಂದರು. ಮಾಮಿ ಅದು ಸಾಬೂನಿನ ಪುಡಿಯದೇ ಕರಾಮತ್ತು ಎಂದು ನಂಬಿ ಪುಡಿ ಬದಲಿಸುತ್ತಲೇ ಇದ್ದಳು. ಅಂಗಡಿಯ ಟ್ಯೂಬು ಹಚ್ಚಿದರೆ ಕಲೆ ಮಾಸುತ್ತಿತ್ತು; ಬಿಟ್ಟರೆ ಹೋದ ನೆಂಟ ಮರೆತ ಛತ್ರಿಗೆ ಬಂದಂತೆ ಮರಳುತ್ತಿತ್ತು. ಹೀಗೇ ವರ್ಷಗಳು ಕಳೆದವು.

ಕೊನೆಗೆ ನಾನೇ ಮಾಮಾನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ಹೋದೆ. ನನ್ನ ಬದುಕಿನಲ್ಲಿ ಮಾಡಿದ ಕೆಲವೇ ಶಹಾಣೆ ಕೆಲಸಗಳಲ್ಲಿ ಅದೂ ಒಂದು. ಕೆಡಿಸಲು ಹೆಚ್ಚು ದಿನ ಹಿಡಿಯಲಿಲ್ಲ. ಡಾಕ್ಟರು ಪ್ರತಿ ಮಾತಿಗೂ ಮೊದಲು "ಹಂ..." ಎಂದು ನಿಲ್ಲುವವರು. ಮಾಮಾನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿದರು. ಬರೀ ಇಸುಬು ಇರಬಹುದು, ಇಲ್ಲದಿರಬಹುದು ಎಂದರು. ಮೈಯನ್ನು ಕಾಯುವ ಬಿಳಿರಕ್ತಕಣಗಳಲ್ಲಿ ಟಿ ಕಣಗಳೆಂಬ ಒಂದು ಜಾತಿ ಇದೆ. ಕೆಲವರಲ್ಲಿ ಅವು ದಾರಿ ತಪ್ಪಿ ಚರ್ಮದಲ್ಲಿ ಠಿಕಾಣಿ ಹೂಡಿ ಬೆಳೆಯುತ್ತವೆ. ಅದೂ ಕ್ಯಾನ್ಸರೇ, ಆದರೆ ಸಾಮಾನ್ಯವಾಗಿ ನಿಧಾನದ್ದು, ಮುಟ್ಟಿದರೆ ಅಂಟುವುದಿಲ್ಲ. ಕಣ್ಣಿಗೆ ಇಸುಬಿನ ಹಾಗೆಯೇ ಕಾಣುವುದರಿಂದ ಚರ್ಮದ ಚೂರು ತೆಗೆದು ಪರೀಕ್ಷಿಸಬೇಕು. ಅದಕ್ಕೆ ಮೊದಲು ಕೆಲವು ವಾರ ಮುಲಾಮು ಮುಟ್ಟುವಂತಿಲ್ಲ. ಹಚ್ಚಿದರೆ ಆ ಕಣಗಳು ಕಡಿಮೆಯಾಗಿ, ಚೂರಿನಲ್ಲಿ ಗುರುತು ಸಿಗದೆ ಹೋಗಬಹುದು. "ಹಂ... ಬಘಾ ಕಾಕಾ, ಕಾಹೀ ಲಾವಾಯಚಂ ನಾಹೀ," ಏನೂ ಹಚ್ಚಬೇಡಿ ಎಂದು ಬೆರಳೆತ್ತಿ ಹೇಳಿದರು. ಏನಾದರೂ ಕೇಳುವುದಿದ್ದರೆ ಈ ಹುಡುಗನ ಫೋನಿನಿಂದ ಕೇಳಿ, ಉತ್ತರ ಅದಕ್ಕೇ ಕಳಿಸುತ್ತೇನೆ ಎಂದು ನನ್ನತ್ತ ತೋರಿಸಿದರು.

ಮುಲಾಮು ಬಿಟ್ಟ ಮೇಲೆ ಮಾಮಾನ ಪಾಡು ನೋಡುವಂತಿರಲಿಲ್ಲ. ಒದ್ದೆ ಟವೆಲ್ಲು ಸುತ್ತಿಕೊಂಡು ಕೂಲರಿನ ಮುಂದೆ ಕೂರುತ್ತಿದ್ದ. ನನಗೆ ಕಂಡದ್ದು ಮಾತ್ರ ಹೊಸ ನಕಲಿಗೆ ಒಳ್ಳೆಯ ಸರಕು. ಒಂದು ಸಂಜೆ ಅವ್ವ ಅಡುಗೆ ಮಾಡುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಒರಗಿ ಫೋನಿನಲ್ಲಿ ದನಿ ಮುದ್ರಿಸಿದೆ: "ಹಂ... ಬಘಾ ಕಾಕಾ, ಥೋಡಂ ಲಾವಲಂ ತರ ಕಾಯ ಹೋತಂ? ಮೀ ಪಣ ಲಾವತೋ!" ಸ್ವಲ್ಪ ಹಚ್ಚಿದರೆ ಏನಾಗುತ್ತದೆ, ನಾನೂ ಹಚ್ಚುತ್ತೇನೆ ಎಂದು. ಮನೆಮಂದಿಯ ಗುಂಪಿಗೆ ಕಳಿಸಿದೆ. ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ಅವುಗಳ ನಡುವೆ ಮಾಮಿಯದೊಂದು ಸಾಲು: "ಡಾಕ್ಟರಿಗೆ ಪುಣ್ಯಾ ಬರಲಿ." ಆಸ್ಪತ್ರೆಗೆ ಬಾರದ ಮಾಮಿ ಡಾಕ್ಟರ ದನಿಯನ್ನು ಎಂದೂ ಕೇಳಿದವಳಲ್ಲ. ಅವಳೂ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಚಪಾತಿಗೆ ಕೂತೆ. ಆಗೊಂದು ಫೋನು ಮಾಡಿದ್ದರೆ ಈ ಪ್ರಬಂಧ ಬರೆಯುವ ಕೆಲಸವಿರುತ್ತಿರಲಿಲ್ಲ.

ಚೂರಿನ ವರದಿಯಲ್ಲಿ ವಿಶೇಷವೇನೂ ಇರಲಿಲ್ಲ. ಸಂಶಯ ಹೋಗಿಲ್ಲ, ತಪ್ಪದೆ ಮತ್ತೆ ಬನ್ನಿ ಎಂದರು ಡಾಕ್ಟರು. ನಾವು ಮೊದಲ ಮಾತು ಕೇಳಿ ಪೇಢೆ ಹಂಚಿದೆವು, ಎರಡನೆಯದನ್ನು ಮರೆತೆವು. ಟ್ಯೂಬು ಸಕಲ ಮರ್ಯಾದೆಯೊಂದಿಗೆ ಮನೆಗೆ ಮರಳಿತು. ತೊಡೆಯ ಮೇಲಿನ ಒಂದು ಕಲೆ ದಪ್ಪಗಾಗಿ ಉಬ್ಬಿ ನಿಂತ ಮೇಲೆಯೇ ನಾವು ತಿರುಗಿ ಹೋದದ್ದು. ಆ ಸಲ ಮಾಮಿಯೂ ಬಂದಿದ್ದಳು. ಮೊದಲ ಚೂರು ತೆಗೆಯುವ ಮುಂಚೆ ಏನಾದರೂ ಹಚ್ಚಿದ್ದಿರಾ ಎಂದು ಡಾಕ್ಟರು ಕೇಳಿದರು.

ಮಾಮಿ ನನ್ನತ್ತ ತಿರುಗಿದಳು. "ಈ ಡಾಕ್ಟರೇ ಹೇಳಿದ್ರಲ್ಲೋ, ನಿನ್ನ ಫೋನಿನ್ಯಾಗ?"

ಮಾಮಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ನಾನು ನಡೆದದ್ದನ್ನು ಹೇಳಿದೆ, ನನ್ನ ಸ್ವಂತ ದನಿಯಲ್ಲಿ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಎಲ್ಲ ಹಾವಭಾವ ನನಗೆ ಬರುತ್ತವೆ. ಆ ನೋಟವನ್ನು ಮಾತ್ರ ಮಾಡಿ ತೋರಿಸಲು ಇವತ್ತಿಗೂ ಆಗಿಲ್ಲ.

ಎರಡನೆಯ ಚೂರಿನಲ್ಲಿ ಅದು ಸಿಕ್ಕಿತು. ರಕ್ತದ, ಕಂಕುಳು ತೊಡೆಸಂದಿನ ಗ್ರಂಥಿಗಳ ತಪಾಸಣೆಯಾಯಿತು. ಚರ್ಮ ದಾಟಿ ಒಳಗೆ ಹೋಗಿಲ್ಲವೆಂದರು. ಉಬ್ಬಿದ ಜಾಗಕ್ಕೆ ವಿಕಿರಣ ಕೊಟ್ಟರು. ಉಳಿದದ್ದಕ್ಕೆ ಬೆಳಕಿನ ಚಿಕಿತ್ಸೆ: ಒಳಗೆಲ್ಲ ಟ್ಯೂಬ್‌ಲೈಟು ತುಂಬಿದ ಕಪಾಟಿನಲ್ಲಿ ಮಾಮಾ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲುತ್ತಾನೆ. ಜೊತೆಗೆ ಮುಲಾಮೂ ಇದೆ, ಹೆಚ್ಚುಕಡಿಮೆ ಅದೇ ಜಾತಿಯದು, ಈ ಸಲ ಡಾಕ್ಟರ ನಿಜವಾದ ಕೈಬರಹದಲ್ಲಿ. ಒಮ್ಮೆ ಅವರನ್ನು ಒಂಟಿಯಾಗಿ ಹಿಡಿದು, ನಾನು ಹಾಗೆ ಮಾಡಿರದಿದ್ದರೆ ತೊಡೆಯ ಮೇಲಿನ ಆ ಉಬ್ಬು ತಪ್ಪುತ್ತಿತ್ತೇ ಎಂದು ಕೇಳಿದೆ. "ಹಂ..." ಎಂದರು. ಮುಲಾಮು ಹಚ್ಚದಿದ್ದರೂ ಮೊದಲ ಚೂರಿನಲ್ಲಿ ಎಷ್ಟೋ ಸಲ ಸಿಗುವುದಿಲ್ಲ ಎಂದರು. ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಲಗ್ನದ ಮನೆಗಳಲ್ಲಿ ಈಗಲೂ ಯಾರಾದರೂ ಕೈಗೆ ಚಮಚ ಕೊಡುತ್ತಾರೆ. ನಾನು ಅದರಿಂದ ಪಾಯಸ ಉಣ್ಣುತ್ತೇನೆ.

ಆಮೇಲೆ ಆ ವಿಷಯವನ್ನು ನನ್ನ ಮುಂದೆ ಮಾಮಾ ಎತ್ತಿರಲಿಲ್ಲ, ಮಾಮಾನ ಮುಂದೆ ನಾನೂ. ಮೊನ್ನೆ, ಔಷಧದಂಗಡಿಯ ವಾಸನೆ ಮೂಗಿನಿಂದ ಹೋಗದ ಆ ಸಂಜೆ, ಬೆಳಕಿನ ಕಪಾಟಿನಿಂದ ಮಾಮಾನನ್ನು ಕರೆತರುವಾಗ, ಕಾತ್ರಜದ ಸಿಗ್ನಲ್ಲಿನಲ್ಲಿ ತಿರುಗಿ ನೋಡದೆ ಹೇಳಿದೆ: "ಮಾಮಾ, ಆವತ್ತು ಆ ದನಿ ಕಳಿಸಬಾರದಿತ್ತು. ನೀ ನಂಬತೀ ಅಂತ ಅನ್ನಿಸಿರಲಿಲ್ಲ."

ಹಿಂದಿನ ಸೀಟಿನಿಂದ, ಬಸ್ಸು ಕೂಗುವ ಅದೇ ಗಂಟಲಿನಲ್ಲಿ, ಪಕ್ಕದ ರಿಕ್ಷಾದವನಿಗೂ ಕೇಳುವ ಹಾಗೆ ಉತ್ತರ ಬಂತು:

"ನಂಬಿದ್ನಿ ಅಂತ ಯಾರ್ ಹೇಳಿದ್ರೋ ನಿನಗ? ಅದರಾಗ ಹಿಂದ ನಮ್ಮಕ್ಕ 'ಅನ್ನಕ್ಕ ಇಡ್ಲೇನೋ' ಅಂತ ಒದರ್ಲಿಕತ್ತಿದ್ಳು. ಡಾಕ್ಟರ್ ಮನ್ಯಾಗ ನಮ್ಮಕ್ಕ ಯಾಕ ಅನ್ನಕ್ಕ ಇಡ್ತಾಳ? ತುರಿಕಿ ನಂದು, ಕೈ ನಂದು. ನೆವ ಅಷ್ಟ ನಿಂದು. ಅಷ್ಟಕ್ಕ ದೊಡ್ಡ ಮನಷ್ಯಾ ಆಗಬ್ಯಾಡ. ಸಿಗ್ನಲ್ ಬಿಟ್ಟದ, ನಡಿ."