ಸಾವಿನ ಮನೆಯಲ್ಲಿ ಅಂತರಿಕ್ಷದ ಹಡಗು

ಹಿರಿಯ ಅಳಿಯನ ಪದವಿಗೆ ಯಾರೂ ಅರ್ಜಿ ಹಾಕುವುದಿಲ್ಲ. ಮದುವೆಯ ಜೊತೆಗೆ ತಾನಾಗಿ ಬರುತ್ತದೆ, ಅದಕ್ಕೆ ರಾಜೀನಾಮೆಯೂ ಇಲ್ಲ. ಮಾವನವರು ಲಿಂಗೈಕ್ಯರಾದಾಗ ಔರಾದಿನ ಮನೆಯ ಪಡಸಾಲೆಯಲ್ಲಿ, ಅವರ ಫೋಟೋದ ಬಲಗಡೆ, ಜಮಖಾನೆಯ ಒಂದು ಮೂಲೆಯನ್ನು ನನಗೆ ಗೊತ್ತುಮಾಡಿದರು. ಮಾತಾಡಿಸಲು ಬಂದವರ ಎದುರು ತಲೆ ತಗ್ಗಿಸಿ ಕೂರುವುದು ನನ್ನ ಪಾಲಿನ ಕಾರ್ಯ. ಅಂಗಳಕ್ಕಾದರೂ ಹೋಗೋಣವೆಂದು ಎದ್ದರೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದಳು.

"ಎಲ್ಲಿಗಿ ಹೊಂಟ್ರಿ? ಹಲಬರ್ಗಾದವರು ಬರಲತ್ತಾರ. ಕೂಡ್ರಿ."

ಕೂತೆ.

ಚೀಲದಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಕೊಟ್ಟದ್ದು. ಅಂತರಿಕ್ಷದ ಹಾಸ್ಯ ಕಾದಂಬರಿಯಂತೆ. ಓದಿದವರೆಲ್ಲ ಒಂದೇ ಮಠದ ಶಿಷ್ಯರಂತೆ ಅದರ ಸಾಲುಗಳನ್ನು ಪರಸ್ಪರ ಒಪ್ಪಿಸಿಕೊಂಡು ನಗುತ್ತಾರಂತೆ. "ಅಪ್ಪಾ, ಇದಕ್ಕ ನಗಲಿಲ್ಲಂದ್ರ ನಿಮ್ಮನ್ನ ಡಾಕ್ಟರಿಗಿ ತೋರಸ್ಬೇಕಾಗ್ತದ" ಎಂದಿದ್ದಳು. ನಿವೃತ್ತ ಮಾಸ್ತರನ ಚಟದಂತೆ ಬೀದರಿನ ನಮ್ಮ ಮನೆಯಲ್ಲೇ ಅದಕ್ಕೆ ಹಳೆಯ ಪೇಪರಿನ ಕವರ್ ಹಾಕಿದ್ದೆ. ಮುಖಪುಟದ ಮೂರು ಕಣ್ಣಿನ ಹಸಿರು ಪ್ರಾಣಿ ಮರೆಯಾಗಿ, ಪುಸ್ತಕಕ್ಕೆ ಒಳ್ಳೆಯ ಶಾಸ್ತ್ರಗ್ರಂಥದ ಕಳೆ ಬಂದಿತ್ತು.

ತೆರೆದದ್ದೇ ತಪ್ಪಾಯಿತು. ಅದರಲ್ಲೊಬ್ಬ ಮುದುಕ ಅಂತರಿಕ್ಷದ ಹಡಗಿನಲ್ಲಿ ಕಿಟಕಿಯ ಪಕ್ಕದ ಸೀಟಿಗೆ ಅರ್ಜಿ ಹಾಕುತ್ತಾನೆ; ಆ ಅರ್ಜಿ ಸಹಿಗಾಗಿ ಗ್ರಹದಿಂದ ಗ್ರಹಕ್ಕೆ ತಿರುಗುತ್ತದೆ. ಹೊಟ್ಟೆಯಿಂದ ನಗು ಮೇಲೇರತೊಡಗಿತು. ಎದುರಿಗೆ ಫೋಟೋ, ಸುತ್ತ ಬಿಳಿ ಟೋಪಿಯ ಹಿರಿಯರು. ನಕ್ಕರೆ ಹೆಂಡತಿ ತವರಿನಲ್ಲಿ ಮುಖವೆತ್ತುವಂತಿರಲಿಲ್ಲ. ತುಟಿ ಕಚ್ಚಿ, ಪರಮ ವೈರಾಗ್ಯದಿಂದ ಪುಟ ತಿರುವಿದೆ.

ಅಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಣ್ಣು ಕೊಟ್ಟು ಬಂದಾಗಿನಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ.

"ಅಳಿಯಪ್ಪಾ, ಅಷ್ಟು ಮನಸಿಟ್ಟು ಓದಲತ್ತೀರಿ. ನಮಗೂ ಕೇಳಸ್ರಿ."

ಪಡಸಾಲೆಯ ಹೆಂಗಸರೆಲ್ಲ ಇತ್ತ ತಿರುಗಿದರು. ನೆನಪಿನಿಂದ ನಾಲ್ಕು ವಚನ ಹೇಳಿ ಪಾರಾಗಬಹುದಿತ್ತು, ಆದರೆ ವಚನದಲ್ಲಿ ಅತ್ತೆ ನನಗಿಂತ ಗಟ್ಟಿ. ಒಂದು ಅಕ್ಷರ ಜಾರಿದರೂ ಹಿಡಿಯುತ್ತಾರೆ. ವಿಧಿಯಿಲ್ಲದೆ ಕಾದಂಬರಿಯನ್ನೇ ಪ್ರವಚನದ ರಾಗದಲ್ಲಿ ಕನ್ನಡಕ್ಕೆ ಇಳಿಸತೊಡಗಿದೆ.

"ಶೂನ್ಯದೊಳಗ ಒಂದು ಹಡಗ. ಎಲ್ಲಿಂದ ಬಂತು, ಎಲ್ಲಿಗಿ ಹೊಂಟದ, ಕುಂತವರಿಗಿ ಗೊತ್ತಿಲ್ಲ."

"ಖರೆ ಅದರಿ," ನೆರೆಮನೆಯಾಕೆ ಕಣ್ಣೊರೆಸಿಕೊಂಡಳು. "ಈ ಶರೀರನೇ ಹಡಗ."

ಇನ್ನು ಇಳಿಯುವಂತಿರಲಿಲ್ಲ. ಪುಟ ತಿರುವಿದಾಗ ಕಣ್ಣು ಬಾಯಿಗಿಂತ ಮುಂದೆ ಓಡಿ, ಅಲ್ಲೇ ನಿಂತಿತು.

"ಯಾಕ ನಿಂತ್ರಿ?" ಎಂದರು ಅತ್ತೆ.

"ಮುಂದಿಂದು ಚಲೋ ಇಲ್ಲರಿ, ಅತ್ತೀ."

"ಇರಲಿ. ಹೇಳ್ರಿ."

ಹೇಳಿದೆ. ಹಡಗಿನ ಯಜಮಾನ ಸತ್ತು ಬಹಳ ಕಾಲವಾಗಿದೆ. ನಿಲ್ಲಿಸು ಎಂದು ಯಾರೂ ಅಪ್ಪಣೆ ಕೊಡದ್ದರಿಂದ, ಯಂತ್ರವೊಂದು ದಿನಾ ಬೆಳಿಗ್ಗೆ ಅವನದೇ ದನಿಯಲ್ಲಿ ಎಲ್ಲರನ್ನೂ ಎಬ್ಬಿಸಿ ಕೆಲಸ ಹೇಳುತ್ತದೆ.

ಬಾಗಿಲಲ್ಲಿ ನಿಂತ ಹೆಂಡತಿಯ ನೋಟ ಹೇಗಿತ್ತೆಂದು ಬರೆಯುವ ಧೈರ್ಯ ನನಗೆ ಈಗಲೂ ಇಲ್ಲ.

ಅತ್ತೆ ಫೋಟೋದ ಕಡೆ ನೋಡಿದರು. "ನಮ್ಮನ್ಯಾಗೂ ಅದೇ ನಡದದ. ಅವರ ಫೋನು ನಸಿಕಿನ್ಯಾಗ ಹಾಡ ಹಚ್ತದ, ದನಕ್ಕ ನೀರ ಕುಡಸೋ ಟೈಮಂತ. ಬಂದ್ ಮಾಡಲಕ್ಕ ಯಾರಿಗೂ ಬರಲ್ಲ. ದಿನಾ ನಾನೇ ಎದ್ದು ಕುಡಸಲತ್ತೀನಿ. ಇದ್ದಾಗೂ ಕೆಲಸ ಹಚ್ಚೇ ಹಚ್ಚಿದರು, ಹೋಗಿನೂ ಬಿಡವಲ್ಲರು."

ಸೆರಗನ್ನು ಬಾಯಿಗೆ ಒತ್ತಿಕೊಂಡರು. ನೆರೆಮನೆಯಾಕೆ ಬೆನ್ನು ಸವರಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಅತ್ತೆ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಆಮೇಲೆ ಮೊದಲ ಸಲ ಅತ್ತರು.

ನಾನು ಸದ್ದಿಲ್ಲದೆ ಪುಸ್ತಕ ಮುಚ್ಚಿದೆ.

"ಮುಚ್ಚಬ್ಯಾಡ್ರಿ," ಎಂದರು ಮೂಗೊರೆಸಿಕೊಂಡು. "ಹಡಗಿನ ಮಂದಿ ಮುಂದ ಏನ್ ಮಾಡಿದ್ರು, ಅದನ್ನ ಹೇಳ್ರಿ."

ಹೊಸ್ತಿಲಲ್ಲಿ ಮೆಹಕರದ ಬೀಗರು ಚಪ್ಪಲಿ ಬಿಡುತ್ತಾ, ಮುಖ ಸಣ್ಣದು ಮಾಡಿಕೊಂಡು ಒಳಬರುತ್ತಿದ್ದರು.

"ಸುಮ್ಮ ಕೂಡ್ರಿ," ಎಂದರು ಅತ್ತೆ ಅವರಿಗೆ. "ಅಳಿಯಪ್ಪ ಓದಲತ್ತಾರ."