ಬಚ್ಚನ ಅಂಗಳದ ಬಾವುಟ

ಸೂರ್ಯನ ಕೆಳಗಿನ ಅಂಚು ಸಮುದ್ರಕ್ಕೆ ತಾಗುವ ಹೊತ್ತಿಗೆ ಬಚ್ಚ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದ. ಜ್ವರದಲ್ಲಿ ಮಲಗಿದ್ದರೂ ಗೋಡೆ ಹಿಡಿದು ಎದ್ದಾನು. ಉಪ್ಪುಂದದ ಕಡಲ ತೀರದಲ್ಲಿ ಅದನ್ನು ಭಕ್ತಿ ಎಂದುಕೊಂಡವರೇ ಹೆಚ್ಚು. ಆದರೆ ಅದು ಹದಿನಾಲ್ಕು ವರ್ಷದ ಕೆಲಸದ ರೂಢಿ. ಮುಂಬಯಿ ಬಂದರಿನ ಒಂದು ಕಚೇರಿಯಲ್ಲಿ ಅವನು ಖಲಾಸಿಯಾಗಿದ್ದ. ಬೆಳಿಗ್ಗೆ ಬಾವುಟ ಏರಿಸುವುದು, ಸಂಜೆ ಹೊತ್ತು ಕಂತುವ ಮೊದಲು ಇಳಿಸುವುದು ಅವನ ಪಾಲಿಗೆ ಬಂದಿತ್ತು.

ಕಾಲಿಗೆ ಪೆಟ್ಟಾಗಿ ಊರಿಗೆ ಮರಳುವಾಗ ಖಾದಿ ಅಂಗಡಿಯಿಂದ ಒಂದು ರಾಷ್ಟ್ರಬಾವುಟ ತಂದಿದ್ದ. ಆಗಿನ ನಿಯಮದಂತೆ ಮನೆಯಲ್ಲಿ ಹಾರಿಸಲು ವರ್ಷದಲ್ಲಿ ಕೆಲವೇ ದಿನ ಅವಕಾಶ. ಆಗಸ್ಟಿನ ದಿನ ಮಳೆಗೆ ಹೋಯಿತು. ಅವನ ಆಸೆಯೆಲ್ಲ ಈಗ ೧೯೬೪ರ ಜನವರಿ ಇಪ್ಪತ್ತಾರರ ಮೇಲೆ. ಒಂದೇ ಒಂದು ಹಗಲು, ಏರಿಸಿದಲ್ಲಿಂದ ಇಳಿಸುವವರೆಗೆ, ತನ್ನ ಅಂಗಳದಲ್ಲಿ ಅದು ಮರ್ಯಾದೆಯಿಂದ ನಿಂತರೆ ಸಾಕಿತ್ತು.

ಆ ದಿನ ಬೆಳಿಗ್ಗೆ ತೆಂಗಿನ ಗರಿ ತಾಗದಷ್ಟು ಉದ್ದದ ಬಿದಿರು ತಂದು ನಿಲ್ಲಿಸಿ, ಅಲುಗದಂತೆ ಹಗ್ಗ ಎಳೆದು ಕಟ್ಟಿ, ಬಾವುಟ ಏರಿಸಿ ತಿರುಗಿದರೆ ಹಗ್ಗದ ಮೇಲೆ ಹೆಂಡತಿ ಪದ್ದುವಿನ ಒದ್ದೆ ಸೀರೆ.

"ಹಗ್ಗ ಸುಮ್ನೆ ಇತ್ತಲೆ," ಎಂದಳು ಅವಳು. ಸೀರೆ ತೆಗೆಸಿದ. ಮರುಗಳಿಗೆಗೆ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಅದ್ರ್ ಮೇಲೆ ಎಂತದೂ ಹಚ್ಚೂಕಾಗ."

"ಕುಂಕುಮ ಆತಿಲ್ಲೆ ಅಂದ್ರೆ ಅದೆಂತ ಪೂಜಿ?"

"ಪೂಜಿ ಅಂದೇಳಿ ಯಾರ್ ಹೇಳ್ದ್ರ್ ನಿಂಗೆ?" ಬಚ್ಚನಿಗೆ ಆಗಲೇ ಸಾಕಾಗಿತ್ತು.

ನಿಜವಾದ ಗೋಳು ಆಮೇಲೆ ಬಂತು. ಅದು ರಂಪಣಿ ಬಲೆಯ ಕಾಲ. ಮರಳ ದಿಬ್ಬದ ಮೇಲೆ ಕಾವಲಿರುವ ಮುತ್ತ, ಮೀನಿನ ಹಿಂಡಿಗೆ ನೀರು ಕಪ್ಪಾದದ್ದು ಕಂಡರೆ ಕೋಲಿಗೆ ಬಟ್ಟೆ ಕಟ್ಟಿ ಎತ್ತುತ್ತಾನೆ. ಕೂಡಲೇ ದೋಣಿ ಇಳಿದು ಅರ್ಧ ಚಂದ್ರದ ಹಾಗೆ ಬಲೆ ಬಿಡುತ್ತದೆ. ನಲವತ್ತು ಜನ ದಡದಿಂದ ಎಳೆಯುತ್ತಾರೆ. ಅಂದು ದೂರದಿಂದ ತೆಂಗಿನ ತಲೆಯ ಮೇಲೊಂದು ಬಟ್ಟೆ ಕಂಡದ್ದೇ ತಡ, ಯಾವ ಬಟ್ಟೆ, ಯಾರ ಬಟ್ಟೆ ಎಂದು ಯಾರೂ ನೋಡಲಿಲ್ಲ. ಒಂದೂವರೆ ತಾಸು ಬಲೆ ಎಳೆದರು. ಬಂದದ್ದು ಪಾಚಿ, ನಾಲ್ಕು ಏಡಿ.

ದೋಣಿಯ ಮುಖಂಡ ಕರಿಯ ತಂಡೇಲ ಒದ್ದೆ ಮೈಯಲ್ಲೇ ಅಂಗಳಕ್ಕೆ ಬಂದ. "ಹ್ವಾಯ್ ಬಚ್ಚ, ಮೀನ್ ನಿನ್ನ್ ಮಾಡಿನ್ ಮೇಲ್ ಇತ್ತಾ? ಇಳ್ಸ್ ಮಾರಾಯ ಅದನ್ನ್."

"ಹೊತ್ತ್ ಕಂತುಕ್ ಮುಂಚೆ ಇಳ್ಸ್ತೆ."

"ಸಂಜಿವರೆಗೆ ನಾವ್ ಎಂತ ಮಾಡ್ಕ್?"

"ಕಣ್ಣ್ ಬಿಟ್ಟ್ ಕಾಣಿ. ಮುತ್ತಂದ್ ಒಂದ್ ಹರ್ಕ್ ಪಂಚೆ. ಇದ್ ಮೂರ್ ಬಣ್ಣ."

ಕರಿಯ ಗೊಣಗುತ್ತಾ ಹೋದ. ಬಚ್ಚ ಗೆದ್ದೆ ಎಂದುಕೊಂಡ. ಆದರೆ ಮಧ್ಯಾಹ್ನ ದಾಟಿ ಮುತ್ತ ನಿಜಕ್ಕೂ ಬಟ್ಟೆ ಎತ್ತಿದಾಗ ಬಲೆಯ ಜನ ನೆರಳಿನಲ್ಲಿ ಕೂತೇ ಇದ್ದರು. ಕಂಡ ಬಟ್ಟೆ ಬಚ್ಚನದ್ದೇ ಇರಬೇಕು ಎಂದು ಒಬ್ಬನೂ ತಲೆ ಎತ್ತಲಿಲ್ಲ. ಅಂಗಳದಿಂದ ಬಚ್ಚನಿಗೆ ಎರಡೂ ಕಾಣುತ್ತಿದ್ದವು: ದಿಬ್ಬದ ಮೇಲೆ ಮುತ್ತ ಬೀಸಿ ಬೀಸಿ ಸೋಲುವುದು, ಇವರು ಬೀಡಿ ಸೇದುವುದು. ನಲವತ್ತು ಮನೆಯ ಮೀನು. ಕಂಡೂ ಸುಮ್ಮನಿರುವ ಹಾಗಿಲ್ಲ.

"ಹೊತ್ತ್ ಕಂತುಕ್ ಮುಂಚೆ ನಾ ಬರ್ದಿದ್ರೆ ನೀನೇ ಇಳ್ಸ್. ನೆಲಕ್ಕೆ ತಾಗ್ಸ್‌ಬ್ಯಾಡ," ಎಂದು ಪದ್ದುವಿಗೆ ಹೇಳಿ, ಕಾಲೆಳೆದುಕೊಂಡು ಕಡಲಿಗೆ ಇಳಿದ. ಅವನು ಬೈದ ಮೇಲೆಯೇ ದೋಣಿ ನೀರಿಗೆ ಬಿದ್ದದ್ದು. ಬಲೆ ಭಾರವಾಯಿತು. ಕೈ ಸಾಲದೆ ಬಚ್ಚನ ಕೈಗೂ ಹಗ್ಗ ಕೊಟ್ಟರು. ಬಂಗುಡೆ ತುಂಬಿದ ಬಲೆಯನ್ನು ನಡುವೆ ಬಿಟ್ಟು ಹೋಗುವ ಹಾಗಿಲ್ಲ. ಸೂರ್ಯ ಕೆಂಪಾದ; ಬಚ್ಚ ಆ ಕಡೆ ನೋಡುವುದು, ಹಲ್ಲು ಕಚ್ಚಿ ಎಳೆಯುವುದು. ಅದರ ಅಂಚು ನೀರಿಗೆ ತಾಗಿದಾಗ ಎಳೆಯುವುದು ಬಿಟ್ಟು ಹಗ್ಗ ಹಿಡಿದೇ ನೆಟ್ಟಗೆ ನಿಂತ. ಪಕ್ಕದವ ಬೈದ. ಬಚ್ಚ ಕದಲಲಿಲ್ಲ.

ಮನೆ ಮುಟ್ಟಿದಾಗ ಅನ್ನ ಸೀದ ವಾಸನೆ. ಬಿದಿರು ಬರಿದಾಗಿತ್ತು, ಅದರ ಬುಡಕ್ಕೆ ದೊಡ್ಡ ಕುಂಕುಮದ ಬೊಟ್ಟು. ಕೇಸರಿ ಮೇಲೆ ಬರುವಂತೆ ಮಡಚಿದ ಬಾವುಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಪದ್ದು ಅಂಗಳದ ನಡುವೆ ನಿಂತಿದ್ದಳು.

"ನೆಲಕ್ಕೆ ತಾಗ್ಸ್‌ಬ್ಯಾಡ ಅಂದ್ರಿ. ಎಲ್ಲಿ ಇಡೂದ್ ಅಂದೇಳಿ ಹೇಳ್ಲಿಲ್ಲೆ," ಎಂದಳು ಸಿಡುಕಿನಿಂದ. "ಅನ್ನ ಕರ್ಕಾಯ್ತ್."

ಬಚ್ಚ ಕೈ ತೊಳೆದು ಬಂದು ಅದನ್ನು ತೆಗೆದುಕೊಂಡ. ಬಿದಿರಿನ ಬುಡದ ಕುಂಕುಮವನ್ನು ಹಾಗೆಯೇ ಬಿಟ್ಟ.

ಅಷ್ಟರಲ್ಲಿ ಬುಟ್ಟಿ ತುಂಬ ಬಂಗುಡೆ ಹಿಡಿದು ಕರಿಯ ತಂಡೇಲ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಬಚ್ಚ, ಮುಂದಿನ್ ಸಲ ನಮ್ಮ್ ಬಲೆ ಮನಿ ಎದುರೇ ಹಾರ್ಸುವ. ಒಳ್ಳೆ ಕಂಬ ನಾನೇ ಹಾಕ್ಸ್ತೆ. ಏರ್ಸುಕೆ ಇಳ್ಸುಕೆ ನಲವತ್ತ್ ಜನ ಇದ್ದೊ. ನೀ ಕಾಲ್ ಎಳ್ಕಂಡ್ ಓಡೂದ್ ಬ್ಯಾಡ."

"ಮೀನ್ ಅಲ್ ಇಡ್," ಎಂದ ಬಚ್ಚ. "ಕಂಬ ಬ್ಯಾಡ."

"ಎಂತಕೆ ಮಾರಾಯ?"

"ಬಲೆ ತುಂಬ್ರೆ ನಿಮ್ಗೆ ಹೊತ್ತ್ ಕಂತೂದ್ ಕಾಣ್ತಿಲ್ಲೆ."